ಕೋಟೆ ಬಿದ್ದ ಮಾರನೇ ದಿನ: ವಿದೇಶಾಂಗ ಸಚಿವರಿಗೆ ಶ್ರೀರಂಗಪಟ್ಟಣದಿಂದ ಒಂದು ಬಹಿರಂಗ ಪತ್ರ

ಶ್ರೀರಂಗಪಟ್ಟಣ, ಮಂಡ್ಯ ಜಿಲ್ಲೆ
ಡಿಸೆಂಬರ್ 2025

ಭಾರತ ಸರ್ಕಾರದ ವಿದೇಶಾಂಗ ಸಚಿವರಿಗೆ, ಹಾಗೇ ಮಂಡ್ಯ ಮತ್ತು ಮೈಸೂರಿನಿಂದ ಲೋಕಸಭೆಗೆ ಹೋಗಿರುವ ನಮ್ಮ ಸದಸ್ಯರಿಗೆ,

ನಮಸ್ಕಾರ.

ನಾನು ಶ್ರೀರಂಗಪಟ್ಟಣದವಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ಈಗ ನಿವೃತ್ತಳಾಗಿದ್ದೇನೆ. ಊರ ಹೊರಗೆ ಒಂದೂವರೆ ಎಕರೆ ಜಮೀನಿದೆ. ಅರ್ಧ ಭತ್ತ, ಅರ್ಧ ಕಬ್ಬು. ದೇಶ ದೇಶಗಳ ವಿಷಯದಲ್ಲಿ ಟೀಚರಮ್ಮನಿಗೆ ಏನು ಕೆಲಸ ಅಂತ ಯಾರಾದರೂ ಕೇಳಬಹುದು. ಆದರೆ ಈ ವಿಷಯ ನಮ್ಮ ಮನೆ ಬಾಗಿಲಿಗೇ ಬಂದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಈ ವರ್ಷ ಜೂನ್ 23ರ ರಾತ್ರಿ. ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದೆ, ಹತ್ತು ಗಂಟೆ ದಾಟಿತ್ತು. ಫೋನಿಗೆ ತಂಗಿ ಮಗನ ವಾಯ್ಸ್ ಮೆಸೇಜ್ ಬಂತು. ಅವನು ದೋಹಾದಲ್ಲಿ ಏಸಿ ರಿಪೇರಿ ಕೆಲಸ ಮಾಡುತ್ತಾನೆ, ಒಂದು ರೂಮಿನಲ್ಲಿ ಆರು ಜನ ಇದ್ದಾರೆ. ಮೆಸೇಜಿನಲ್ಲಿ ಮೊದಲು ಬರೀ ಸದ್ದು, ಧಡ್ ಧಡ್ ಅಂತ. ಯಾರೋ ಮಲಯಾಳಂನಲ್ಲಿ ಕೂಗುತ್ತಿದ್ದರು. ಆಮೇಲೆ ಇವನ ದನಿ. "ದೊಡ್ಡಮ್ಮ, ಆಕಾಶದಲ್ಲಿ ಬೆಂಕಿ ಹೋಗ್ತಾ ಇದೆ, ನಾವು ಟೆರೇಸಿಂದ ಕೆಳಗೆ ಬಂದ್ವಿ, ಅಮ್ಮಂಗೆ ಹೇಳಬೇಡಿ." ಇಷ್ಟೇ, ಹನ್ನೊಂದು ಸೆಕೆಂಡ್. ಅದನ್ನು ಎಷ್ಟು ಸಲ ಹಾಕಿ ಕೇಳಿದೆನೋ ಗೊತ್ತಿಲ್ಲ. ಕೈಯಲ್ಲಿದ್ದ ಸೋಪಿನ ನೊರೆ ಫೋನಿಗೆಲ್ಲ ಮೆತ್ತಿಕೊಂಡಿತ್ತು. ತಂಗಿ ಪಕ್ಕದ ಕೋಣೆಯಲ್ಲೇ ಮಲಗಿದ್ದಳು. ಬೆಳಗಿನವರೆಗೂ ಅವಳಿಗೆ ಹೇಳಲಿಲ್ಲ.

ಆ ರಾತ್ರಿ ಇರಾನ್ ಕತಾರ್‌ನಲ್ಲಿರುವ ಅಮೆರಿಕದ ಅಲ್ ಉದೇದ್ ವಾಯುನೆಲೆ ಮೇಲೆ ಕ್ಷಿಪಣಿ ಬಿಟ್ಟಿತ್ತು. ಅದರ ಹಿಂದಿನ ದಿನ ಅಮೆರಿಕ ಇರಾನಿನ ಫೋರ್ಡೊ, ನತಾಂಜ್, ಇಸ್ಫಹಾನ್ ಅಣುಕೇಂದ್ರಗಳ ಮೇಲೆ ಬಾಂಬ್ ಹಾಕಿತ್ತು. ಇಸ್ರೇಲ್ ಜೂನ್ 13ರಿಂದಲೇ ಶುರು ಮಾಡಿತ್ತು. ಅದೇ ಹೊತ್ತಿಗೆ ಅಮೆರಿಕದ ಅಧ್ಯಕ್ಷರು, ಇರಾನಿನಲ್ಲಿ ಆಡಳಿತವೇ ಯಾಕೆ ಬದಲಾಗಬಾರದು ಅಂತ ಎಲ್ಲರಿಗೂ ಕಾಣುವ ಹಾಗೆ ಬರೆದರು. ಹನ್ನೆರಡು ದಿನಕ್ಕೆ ಆ ಯುದ್ಧ ನಿಂತಿತು, ದೋಹಾದಲ್ಲಿ ಯಾರೂ ಸಾಯಲಿಲ್ಲ, ನಮ್ಮ ಹುಡುಗ ಮಾರನೇ ದಿನ ಕೆಲಸಕ್ಕೆ ಹೋದ. ನಿಮ್ಮ ಇಲಾಖೆ ಆಪರೇಷನ್ ಸಿಂಧು ಅಂತ ಮಾಡಿ ಇರಾನ್, ಇಸ್ರೇಲ್‌ಗಳಿಂದ ಸಾವಿರಾರು ಭಾರತೀಯರನ್ನು ಕರೆತಂದಿತು. ಅದಕ್ಕೆ ಮನಸಾರೆ ಧನ್ಯವಾದ.

ಈಗ ಮತ್ತೆ ಅದೇ ತರದ ಸುದ್ದಿ ಓದುತ್ತಿದ್ದೇನೆ, ಬೇರೆ ಸಮುದ್ರದಲ್ಲಿ. ಆಗಸ್ಟ್‌ನಿಂದ ಕೆರಿಬಿಯನ್ ಸಮುದ್ರದಲ್ಲಿ, ವೆನೆಜುವೆಲಾ ಎದುರಿಗೆ, ಅಮೆರಿಕ ಯುದ್ಧನೌಕೆ ತಂದು ನಿಲ್ಲಿಸಿದೆ. ಸೆಪ್ಟೆಂಬರ್‌ನಿಂದ ಡ್ರಗ್ಸ್ ಸಾಗಿಸುತ್ತಿವೆ ಅಂತ ಹೇಳಿ ದೋಣಿಗಳನ್ನು ಹೊಡೆದುರುಳಿಸುತ್ತಿದೆ. ನವೆಂಬರ್‌ನಲ್ಲಿ ಜೆರಾಲ್ಡ್ ಫೋರ್ಡ್ ಅನ್ನುವ ವಿಮಾನವಾಹಕ ನೌಕೆಯೂ ಬಂತು. ಜಗತ್ತಿನಲ್ಲೇ ದೊಡ್ಡದು ಅದು, ನಾಲ್ಕು ಸಾವಿರಕ್ಕೂ ಜಾಸ್ತಿ ಜನ ಅದರ ಮೇಲಿರುತ್ತಾರೆ. ದೋಣಿಯಲ್ಲಿ ಬರುವ ಡ್ರಗ್ಸ್ ಹಿಡಿಯೋಕೆ ಇಷ್ಟು ದೊಡ್ಡ ಹಡಗು ಬೇಕಾ ಅಂತ ಯಾರಿಗಾದರೂ ಅನ್ನಿಸುತ್ತದೆ ಅಲ್ವಾ? ಅಲ್ಲಿನ ಅಧ್ಯಕ್ಷ ಮಡುರೊ ಅವರನ್ನು ಹಿಡಿಸಿಕೊಡುವ ಮಾಹಿತಿಗೆ 5 ಕೋಟಿ ಡಾಲರ್ ಬಹುಮಾನ ಅಂತಲೂ ಘೋಷಿಸಿದ್ದಾರೆ.

ಮಡುರೊ ಪರವಾಗಿ ನಾನು ಒಂದು ಮಾತೂ ಆಡುವುದಿಲ್ಲ. 2024ರ ಜುಲೈ ಚುನಾವಣೆಯಲ್ಲಿ ತಾವೇ ಗೆದ್ದಿದ್ದು ಅಂತ ವಿರೋಧ ಪಕ್ಷದವರು ಮತಗಟ್ಟೆ ಚೀಟಿಗಳನ್ನೇ ಮುಂದಿಟ್ಟು ತೋರಿಸಿದ್ದಾರೆ. 70 ಲಕ್ಷಕ್ಕೂ ಜಾಸ್ತಿ ಜನ ಆ ದೇಶ ಬಿಟ್ಟು ಹೋಗಿದ್ದಾರೆ. ಸುಖವಾಗಿದ್ದರೆ ಅಷ್ಟು ಜನ ಊರು ಬಿಡುತ್ತಾರಾ? ನನ್ನ ಪ್ರಶ್ನೆ ಬೇರೆ. ಹೊರಗಿನ ಸೇನೆ ಬಂದು ಒಬ್ಬ ಅರಸನನ್ನು ಇಳಿಸಿದ ಮೇಲೆ, ಮಾರನೇ ದಿನ ಬೆಳಗ್ಗೆ ಆ ಊರಿನಲ್ಲಿ ಏನಾಗುತ್ತದೆ?

ಇದನ್ನು ನಮ್ಮೂರಿನಲ್ಲಿ ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ.

ನಮ್ಮ ಕೋಟೆಯ ಪಶ್ಚಿಮದ ಕಡೆ, ನದಿಗೆ ಮುಖ ಮಾಡಿ, ಒಂದು ಕಲ್ಲಿನ ಕಂಬ ಇದೆ. ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. 1799ರ ಮೇ 4ರಂದು ಇಂಗ್ಲಿಷರ ಸೇನೆ ಗೋಡೆ ಒಡೆದು ಒಳಗೆ ನುಗ್ಗಿದ್ದು ಅಲ್ಲೇ. 1907ರಲ್ಲಿ ನಿಲ್ಲಿಸಿದ ಕಂಬ ಅದು, ಅದರ ಮೇಲೆ ಸತ್ತ ಅಧಿಕಾರಿಗಳ ಹೆಸರಿದೆ, ಯಾವ ಯಾವ ಪಡೆ ಬಂದಿತ್ತು ಅನ್ನುವುದಿದೆ. ನಮ್ಮೂರಿನವರದು ಒಂದು ಹೆಸರೂ ಇಲ್ಲ. ಆ ದಿನ ಸತ್ತ ನೇಕಾರ, ಬಳೆಗಾರ, ಕುದುರೆ ನೋಡಿಕೊಳ್ಳುವವ, ಇವರ ಹೆಸರು ಎಲ್ಲೂ ಇಲ್ಲ. ಮಕ್ಕಳು ಕಂಬದ ಸುತ್ತ ಓಡಾಡಿ, ಕಟ್ಟೆ ಮೇಲೆ ಕೂತು ಬುತ್ತಿ ತಿಂದು ಬರುತ್ತಿದ್ದರು.

ಟಿಪ್ಪು ಒಳ್ಳೆಯವನಾ ಕೆಟ್ಟವನಾ ಅನ್ನುವ ಜಗಳ ನಮ್ಮಲ್ಲಿ ಬೇಕಾದಷ್ಟಿದೆ. ಅದನ್ನು ಇಲ್ಲಿ ತರುವುದಿಲ್ಲ, ನನ್ನ ಮಾತಿಗೆ ಅದು ಬೇಕಾಗಿಯೂ ಇಲ್ಲ. ಆ ಯುದ್ಧ ಹೇಗೆ ಕಟ್ಟಿಕೊಂಡು ಬಂತು, ಆಮೇಲೆ ಏನಾಯಿತು ಅಷ್ಟು ನೋಡಿ.

1798ರ ಜನವರಿಯಲ್ಲಿ ಮಾರಿಷಸ್ ದ್ವೀಪದ ಫ್ರೆಂಚ್ ಗವರ್ನರ್ ಒಂದು ಪ್ರಕಟಣೆ ಹೊರಡಿಸಿದ, ಟಿಪ್ಪು ನಮ್ಮ ಜೊತೆ ಸೇರಿ ಇಂಗ್ಲಿಷರನ್ನು ಓಡಿಸಬೇಕಂತೆ, ಸೈನ್ಯಕ್ಕೆ ಯಾರು ಬರುತ್ತೀರಿ ಅಂತ. ಕೊನೆಗೆ ಮಂಗಳೂರಿನಲ್ಲಿ ಹಡಗಿನಿಂದ ಇಳಿದವರು ನೂರರ ಆಸುಪಾಸು ಜನ. ಟಿಪ್ಪು ಫ್ರೆಂಚರ ಸಹಾಯ ಕೇಳಿದ್ದು ನಿಜ. ಆದರೆ ಆ ನೂರು ಜನರನ್ನೇ ದೊಡ್ಡ ಗಂಡಾಂತರ ಅಂತ ಹಿಡಿದುಕೊಂಡು ಗವರ್ನರ್ ಜನರಲ್ ವೆಲ್ಲೆಸ್ಲಿ ದಕ್ಷಿಣದ ಸೇನೆಯನ್ನೆಲ್ಲ ಜಮಾಯಿಸಿದ. ವೆಲ್ಲೂರು ಕಡೆಯಿಂದ ಜನರಲ್ ಹ್ಯಾರಿಸ್‌ನ ಸೇನೆ, ಜೊತೆಗೆ ಹೈದರಾಬಾದ್ ನಿಜಾಮನ ಪಡೆ. ಕಣ್ಣೂರಿನಿಂದ ಕೊಡಗು ಹತ್ತಿ ಬಾಂಬೆ ಸೇನೆ. ಅಷ್ಟು ಸಾವಿರ ಜನ, ಅದಕ್ಕಿಂತ ಜಾಸ್ತಿ ಎತ್ತುಗಳು. ಒಂದು ಸಲ ಅಷ್ಟು ಸೇನೆ ಹೊರಟ ಮೇಲೆ ವಾಪಸ್ ಕರೆಯುವುದು ಯಾರ ಕೈಯಲ್ಲೂ ಇರುವುದಿಲ್ಲ. ಏಪ್ರಿಲ್ ಕೊನೆಗೆ ಅವರ ಅಕ್ಕಿ ಮುಗಿಯುತ್ತಾ ಬಂದಿತ್ತು. ಮಳೆ ಬಿದ್ದರೆ ಕಾವೇರಿ ತುಂಬುತ್ತದೆ, ನದಿ ದಾಟುವ ಹಾಗಿಲ್ಲ. ಹಾಗಾಗಿ ಮಳೆಗಾಲಕ್ಕೆ ಮುಂಚೆಯೇ ಮುಗಿಸಬೇಕು.

ಇದನ್ನೇ 2003ರಲ್ಲಿ ಇರಾಕ್ ವಿಷಯದಲ್ಲಿ ಮತ್ತೆ ಕೇಳಿದೆವು. ಕುವೈತ್‌ನಲ್ಲಿ ಅಮೆರಿಕದ ಕಡೆಯ ಒಂದು ಲಕ್ಷಕ್ಕೂ ಜಾಸ್ತಿ ಸೈನಿಕರು ಬಂದು ಕೂತಿದ್ದರು. ಇರಾಕಿನಲ್ಲಿ ಸಮೂಹನಾಶಕ ಅಸ್ತ್ರ ಇದೆಯಾ ಅಂತ ಹುಡುಕುತ್ತಿದ್ದ ವಿಶ್ವಸಂಸ್ಥೆಯ ಪರಿಶೀಲಕ ಹ್ಯಾನ್ಸ್ ಬ್ಲಿಕ್ಸ್ ಇನ್ನೂ ಕೆಲವು ತಿಂಗಳು ಬೇಕು ಅಂದರು. ಅಣುಶಕ್ತಿ ಸಂಸ್ಥೆಯ ಎಲ್‌ಬರದೈ, ಇರಾಕ್ ಯುರೇನಿಯಂ ಕೊಂಡಿತು ಅನ್ನುವ ಕಾಗದಪತ್ರಗಳೇ ನಕಲಿ ಅಂತ ಮಾರ್ಚ್ 7ರಂದು ಭದ್ರತಾ ಮಂಡಳಿಯಲ್ಲೇ ಹೇಳಿದರು. ಆದರೆ ಬೇಸಿಗೆ ಬಂದರೆ ಮರುಭೂಮಿಯಲ್ಲಿ ಸೈನಿಕರು ಕಾದು ಕೂರೋಕಾಗಲ್ಲ ಅನ್ನುವ ಮಾತೇ ಜಾಸ್ತಿ ಕೇಳಿಸಿತು. ಮಾರ್ಚ್ 20ಕ್ಕೆ ಯುದ್ಧ ಶುರು. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ, ಅಲ್ಲಿ ಬೇಸಿಗೆಗೆ ಮುಂಚೆ. ಸೇನೆ ಜಮಾಯಿಸುವುದು ಬರೀ ಹೆದರಿಸೋಕೆ ಅಂತ ಹೇಳುವವರು ಇದನ್ನು ಸ್ವಲ್ಪ ಯೋಚಿಸಬೇಕು. ಸುಮ್ನೆ ನಿಲ್ಲಿಸಿದ ಸೇನೆಗೆ ದಿನಕ್ಕಿಷ್ಟು ಅಂತ ಖರ್ಚಿದೆ, ಹಿಂದೆ ಸರಿದರೆ ಅವಮಾನ ಅನ್ನುವುದಿದೆ. ಮಾತುಕತೆಗೆ ಬೇಕಾದ ದಿನಗಳನ್ನು ಅದೇ ತಿಂದುಹಾಕುತ್ತದೆ.

ನಮ್ಮೂರಿಗೇ ಬರುತ್ತೇನೆ. ಆ ಸೇನೆ ಬರುವ ದಾರಿಯಲ್ಲಿ ಮಳವಳ್ಳಿ ಇತ್ತು. ಮಾರ್ಚ್ 27ಕ್ಕೆ ಅಲ್ಲಿ ಯುದ್ಧ ನಡೆಯಿತು. ಶತ್ರುವಿಗೆ ಮೇವು ಸಿಗಬಾರದು ಅಂತ ಟಿಪ್ಪುವಿನ ಕಡೆಯವರೇ ಹುಲ್ಲು ಮೇವು ಸುಟ್ಟರು. ಬಂದ ಸೇನೆ ದಾರಿ ಬದಲಾಯಿಸಿ ಸೋಸಲೆ ಹತ್ತಿರ ಹೊಳೆ ದಾಟಿ, ಅಲ್ಲಿ ಸಿಕ್ಕಿದ್ದನ್ನು ತಗೊಂಡಿತು. ಈಗಲೂ ಆ ಕಡೆ ಹೋದರೆ ಹುಲ್ಲಿನ ಮೆದೆ ಮನೆ ಪಕ್ಕದಲ್ಲೇ ಇರುತ್ತದೆ, ವರ್ಷದ ಬದುಕು ಅದು. ಎತ್ತಿಗೆ ಮೇವಿಲ್ಲ ಅಂದರೆ ಮುಂದಿನ ವರ್ಷ ಉಳುಮೆ ಇಲ್ಲ. ಒಬ್ಬ ಸುಡುತ್ತಾನೆ, ಇನ್ನೊಬ್ಬ ಕಿತ್ತುಕೊಳ್ಳುತ್ತಾನೆ. ರೈತನಿಗೆ ಇಬ್ಬರೂ ಒಂದೇ.

ಮೇ 4ರ ಮಧ್ಯಾಹ್ನ ಕೋಟೆ ಬಿತ್ತು. ರಾತ್ರಿಯೆಲ್ಲ ಲೂಟಿ. ಮಾರನೇ ದಿನ ಗವರ್ನರ್ ಜನರಲ್‌ನ ತಮ್ಮ ಆರ್ಥರ್ ವೆಲ್ಲೆಸ್ಲಿ ಬಂದು ತಮ್ಮದೇ ಸೈನಿಕರಲ್ಲಿ ಕೆಲವರನ್ನು ಗಲ್ಲಿಗೆ ಹಾಕಿ, ಚಾಟಿಯಲ್ಲಿ ಹೊಡೆಸಿದ ಮೇಲೆಯೇ ಅದು ನಿಂತಿದ್ದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ನಮ್ಮ ಕಡೆ ಗಾದೆ ಇದೆ. ನಮ್ಮೂರಲ್ಲಿ ಅದು ನಿಜವಾಗಿಯೇ ನಡೆದುಹೋಯಿತು.

ಆಮೇಲಿನ ಕತೆಯನ್ನು ಪಾಠದಲ್ಲಿ ಎರಡು ಸಾಲಿನಲ್ಲಿ ಮುಗಿಸುತ್ತೇವೆ. ನಾನೂ ಹಾಗೇ ಮುಗಿಸಿದ್ದೇನೆ, ಪರೀಕ್ಷೆಗೆ ಬರುವುದಿಲ್ಲ ಅಂತ. ಆದರೆ ಮುಖ್ಯವಾದ ಪಾಠವೇ ಅದು. ಟಿಪ್ಪುವಿನ ಸೇನೆ ಚದುರಿಹೋಯಿತು. ಕುದುರೆ ಇದೆ, ಕತ್ತಿ ಇದೆ, ಸಂಬಳ ಇಲ್ಲ. ಟಿಪ್ಪುವಿನ ಸೆರೆಯಲ್ಲಿದ್ದ ಧೋಂಡಿಯ ವಾಘ ಅನ್ನುವವನು ಕೋಟೆ ಬಿದ್ದಾಗ ಹೊರಗೆ ಬಂದು, ಈ ಕೆಲಸ ಕಳೆದುಕೊಂಡ ಸವಾರರನ್ನೇ ಸೇರಿಸಿಕೊಂಡು ಬಿದನೂರು, ಶಿಕಾರಿಪುರದ ಕಡೆ ಎದ್ದ. 1800ರ ಸೆಪ್ಟೆಂಬರ್‌ನಲ್ಲಿ ಕೋಣಗಲ್‌ನಲ್ಲಿ ಅವನನ್ನು ಕೊಲ್ಲುವವರೆಗೂ ಆ ಗಲಾಟೆ ನಿಲ್ಲಲಿಲ್ಲ. ಆ ಸೀಮೆಯ ಜನಕ್ಕೆ ಒಂದು ಯುದ್ಧ ಮುಗಿದ ಮೇಲೆ ಇನ್ನೊಂದು ಬಂತು.

2003ರ ಮೇ 23ರಂದು ಬಾಗ್ದಾದ್‌ನಲ್ಲಿ ಅಮೆರಿಕದ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಒಂದು ಆದೇಶಕ್ಕೆ ಸಹಿ ಹಾಕಿ ಇರಾಕಿನ ಸೇನೆಯನ್ನೇ ವಿಸರ್ಜನೆ ಮಾಡಿದರು. ನಾಲ್ಕು ಲಕ್ಷದ ಹತ್ತಿರ ಜನ, ಎಲ್ಲರಿಗೂ ಬಂದೂಕು ಹಿಡಿಯೋಕೆ ಬರುತ್ತದೆ, ಮನೆಗೆ ಹೋಗಿ ಅಂದರು. ಅವರಲ್ಲಿ ಕೆಲವು ಅಧಿಕಾರಿಗಳೇ ಮುಂದೆ ಐಸಿಸ್ ಕಟ್ಟಿದವರ ಜೊತೆ ಸೇರಿದರು, 2014ರ ಜೂನ್‌ನಲ್ಲಿ ಮೊಸುಲ್ ಐಸಿಸ್ ಕೈಗೆ ಹೋಯಿತು. ಯಾವ ಅಸ್ತ್ರ ಇದೆ ಅಂತ ಯುದ್ಧಕ್ಕೆ ಹೋದರೋ ಆ ಅಸ್ತ್ರದ ದಾಸ್ತಾನು ಸಿಗಲಿಲ್ಲ ಅಂತ ಅಮೆರಿಕದವರ ತಂಡವೇ 2004ರಲ್ಲಿ ವರದಿ ಕೊಟ್ಟಿತು.

ನಮ್ಮ ಸೀಮೆಗೆ ಈಸ್ಟ್ ಇಂಡಿಯಾ ಕಂಪನಿಯವರು ಹೊಸ ಆಡಳಿತ ಕೊಟ್ಟರು. ಐದು ವರ್ಷದ ಮಗುವನ್ನು, ಮುಮ್ಮಡಿ ಕೃಷ್ಣರಾಜ ಒಡೆಯರನ್ನು, ಪಟ್ಟಕ್ಕೆ ಕೂರಿಸಿದರು. ಒಡೆಯರ ಮನೆತನ ವಾಪಸ್ ಬಂತು ಅಂತ ಜನ ಸಂತೋಷಪಟ್ಟಿರಬೇಕು, ಅದು ನ್ಯಾಯವೇ. ಆದರೆ ಒಪ್ಪಂದ ಏನು? ವರ್ಷಕ್ಕೆ ಏಳು ಲಕ್ಷ ವರಹ ಕಂಪನಿಗೆ ಕೊಡಬೇಕು, ಮಳೆ ಬರಲಿ ಬಿಡಲಿ. ಶ್ರೀರಂಗಪಟ್ಟಣದ ದ್ವೀಪ ಕಂಪನಿಯ ಕೈಯಲ್ಲೇ. ಕಂದಾಯದ ಭಾರ ತಡೆಯದೆ 1830ರಲ್ಲಿ ನಗರ ಸೀಮೆಯ, ಅಂದರೆ ಬಿದನೂರು ಕಡೆಯ, ರೈತರು ದಂಗೆ ಎದ್ದರು. ನಿಮಗೆ ಆಡಳಿತ ಮಾಡೋಕೆ ಬರಲ್ಲ ಅಂತ ಹೇಳಿ 1831ರಲ್ಲಿ ಬ್ರಿಟಿಷರು ರಾಜ್ಯವನ್ನೇ ವಹಿಸಿಕೊಂಡರು. ವಾಪಸ್ ಕೊಟ್ಟಿದ್ದು 1881ರಲ್ಲಿ. ನಮ್ಮ ದ್ವೀಪವೂ ಆಗಲೇ ಮೈಸೂರಿಗೆ ಸೇರಿದ್ದು. ಗೋಡೆ ಹತ್ತಿ ಇಳಿಯೋಕೆ ಒಂದು ಮಧ್ಯಾಹ್ನ ಸಾಕಾಯಿತು. ಅದರ ಲೆಕ್ಕ ತೀರೋಕೆ 82 ವರ್ಷ.

ಇನ್ನೊಂದು ವಿಷಯ ಹೇಳಬೇಕು. ಇದು ಮಂಡ್ಯದವರಿಗೆ ಬೇಗ ಅರ್ಥವಾಗುತ್ತದೆ.

ಲಿಬಿಯಾದಲ್ಲಿ ಡೆರ್ನಾ ಅಂತ ಒಂದು ಊರಿದೆ, ಸಮುದ್ರದ ದಡದಲ್ಲಿ. ಊರ ಮೇಲುಗಡೆ ಹಳ್ಳಕ್ಕೆ ಎರಡು ಅಣೆಕಟ್ಟು ಕಟ್ಟಿದ್ದರು, 1970ರ ದಶಕದಲ್ಲಿ. ಬಿರುಕು ಬಿಟ್ಟಿದ್ದವು. 2007ರಲ್ಲಿ ಒಂದು ಟರ್ಕಿ ಕಂಪನಿಗೆ ರಿಪೇರಿ ಗುತ್ತಿಗೆ ಕೊಟ್ಟರು, ಕೆಲಸ 2010ರಲ್ಲಿ ಶುರುವಾಯಿತು. 2011ರಲ್ಲಿ ಗಡಾಫಿ ವಿರುದ್ಧ ದಂಗೆ ಎದ್ದಿತು. ಜನರನ್ನು ಕಾಪಾಡೋಕೆ ಅಂತ ಭದ್ರತಾ ಮಂಡಳಿ ಮಾರ್ಚ್ 17ಕ್ಕೆ ಒಂದು ನಿರ್ಣಯ ಮಾಡಿತು, ಭಾರತ ಅದಕ್ಕೆ ಮತ ಹಾಕದೆ ದೂರ ಉಳಿಯಿತು. ಆಮೇಲೆ ನೇಟೊ ವಿಮಾನಗಳು ಬಂದವು, ಅಕ್ಟೋಬರ್ 20ಕ್ಕೆ ಗಡಾಫಿ ಸತ್ತ. ಕಾಪಾಡಲು ಹೊರಟಿದ್ದು ಉರುಳಿಸುವುದರಲ್ಲಿ ಮುಗಿಯಿತು. ಅಣೆಕಟ್ಟಿನ ಕೆಲಸಗಾರರು ಗಲಾಟೆ ಶುರುವಾದಾಗಲೇ ಬಿಟ್ಟುಹೋಗಿದ್ದರು. ಆಮೇಲೆ ಪೂರ್ವಕ್ಕೊಂದು ಸರ್ಕಾರ, ಪಶ್ಚಿಮಕ್ಕೊಂದು ಸರ್ಕಾರ. ಅಣೆಕಟ್ಟು ಯಾರದು? ಬಿರುಕು ಯಾರು ನೋಡಬೇಕು? ಹನ್ನೆರಡು ವರ್ಷ ಆ ಕೆಲಸ ಮುಗಿಯಲೇ ಇಲ್ಲ. 2023ರ ಸೆಪ್ಟೆಂಬರ್ 10ರ ರಾತ್ರಿ ದೊಡ್ಡ ಮಳೆ ಬಂತು, ಬೆಳಗಾಗುವಷ್ಟರಲ್ಲಿ ಎರಡೂ ಅಣೆಕಟ್ಟು ಒಡೆದವು. ಮಲಗಿದ್ದ ಊರಿನ ಮಧ್ಯಭಾಗವೇ ಸಮುದ್ರಕ್ಕೆ ಕೊಚ್ಚಿಹೋಯಿತು. ಸತ್ತವರು ಸಾವಿರಾರು.

ಆ ಸುದ್ದಿ ಟೀವಿಯಲ್ಲಿ ಬಂದ ದಿನ ನಾನು ಕನ್ನಂಬಾಡಿಯನ್ನೇ ನೆನೆಸಿಕೊಂಡೆ. ನಮ್ಮಲ್ಲಿ ಮಳೆಗಾಲ ಬಂತು ಅಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ಇವತ್ತು ಕಟ್ಟೆ ಎಷ್ಟಾಯಿತು? 124.80 ಅಡಿ ಅನ್ನುವ ಲೆಕ್ಕ ಇಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು. ನೀರು ಬಿಡುವ ಮುಂಚೆ ದಡದವರಿಗೆ ಎಚ್ಚರಿಕೆ ಕೊಡುತ್ತಾರೆ, ಗೇಟಿಗೆ ಗ್ರೀಸ್ ಹಾಕುವವರು ಇದ್ದಾರೆ, ರಾತ್ರಿ ಪಾಳಿಯಲ್ಲಿ ಮಟ್ಟ ಬರೆದಿಡುವವರು ಇದ್ದಾರೆ. ಅವರಿಗೆ ತಿಂಗಳಿಗೆ ಸಂಬಳ ಕೊಡುವ ಒಂದು ಕಚೇರಿ ಇದೆ. ಸರ್ಕಾರ ಅಂದರೆ ಬರೀ ಮೇಲೆ ಕೂತವನಲ್ಲ. ಅವನನ್ನು ಕೆಡವುವ ಭರಾಟೆಯಲ್ಲಿ ಈ ಗ್ರೀಸ್ ಹಾಕುವವನ ಸಂಬಳವೂ ನಿಂತುಹೋಗುತ್ತದೆ, ಅದನ್ನು ಯಾರೂ ಸುದ್ದಿ ಮಾಡುವುದಿಲ್ಲ, ಎಷ್ಟೋ ವರ್ಷ ಆದ ಮೇಲೆ ಒಂದು ರಾತ್ರಿ ಕಟ್ಟೆ ಒಡೆಯುತ್ತದೆ.

ಇರಾನಿನದು ಇನ್ನೂ ಹಳೆಯ ಕತೆ. 1951ರಲ್ಲಿ ಅವರು ತಮ್ಮ ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿದರು. 1953ರ ಆಗಸ್ಟ್‌ನಲ್ಲಿ ಅಮೆರಿಕ ಮತ್ತು ಬ್ರಿಟನ್‌ನ ಗೂಢಚಾರರು ಸೇರಿ ಪ್ರಧಾನಿ ಮೊಸಾದ್ದಿಕ್ ಅವರನ್ನು ಕೆಳಗಿಳಿಸಿ ಅಲ್ಲಿನ ದೊರೆ ಶಾನನ್ನು ಗಟ್ಟಿ ಮಾಡಿದರು. ಅದರ ಸಿಟ್ಟು 1979ರಲ್ಲಿ ಕ್ರಾಂತಿಯಾಗಿ ಹೊರಗೆ ಬಂತು. ಈಗ ಯಾವ ಆಡಳಿತವನ್ನು ಬದಲಾಯಿಸಬೇಕು ಅನ್ನುತ್ತಿದ್ದಾರೋ ಅದು ಹುಟ್ಟಿದ್ದು ಹಾಗೆ. ಅಫ್ಘಾನಿಸ್ತಾನದ ವಿಷಯ ನಿಮಗೆ ನಾನು ಹೇಳಬೇಕಾ? 2001ರ ಅಕ್ಟೋಬರ್‌ನಲ್ಲಿ ತಾಲಿಬಾನ್ ಓಡಿಸೋಕೆ ಹೋದರು, 2021ರ ಆಗಸ್ಟ್ 15ಕ್ಕೆ ಅದೇ ತಾಲಿಬಾನ್ ಕಾಬೂಲಿಗೆ ವಾಪಸ್ ಬಂತು.

ಹಾಗಾದರೆ ಸ್ವಂತ ಜನರನ್ನೇ ಕೊಲ್ಲುವವನನ್ನು ನೋಡಿಕೊಂಡು ಸುಮ್ಮನಿರಬೇಕಾ ಅಂತ ಕೇಳುತ್ತಾರೆ. ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಇರಾಕಿನ ಸದ್ದಾಂ ಹುಸೇನ್ 1988ರಲ್ಲಿ ಹಲಬ್ಜಾದಲ್ಲಿ ವಿಷಾನಿಲ ಹಾಕಿ ಸಾವಿರಾರು ಕುರ್ದರನ್ನು ಕೊಂದ. ಅಂಥವನಿಗೆ ಯಾರು ಕಣ್ಣೀರು ಹಾಕುತ್ತಾರೆ? ಆದರೆ ಆಗ ಯುದ್ಧ ಮಾಡಬೇಕು ಅಂತ ಯಾರೂ ಬರಲಿಲ್ಲ. ಹದಿನೈದು ವರ್ಷ ಆದ ಮೇಲೆ, ಬೇರೆ ಕಾರಣ ಹೇಳಿಕೊಂಡು ಬಂದರು.

ನಮ್ಮ 1971ರ ಬಾಂಗ್ಲಾ ಯುದ್ಧ ಏನು ಅಂತಲೂ ಕೇಳುತ್ತಾರೆ. ಈ ತಿಂಗಳು ಡಿಸೆಂಬರ್ 16, ವಿಜಯ ದಿವಸ. ನನ್ನ ಸೋದರಮಾವ ಆ ಯುದ್ಧದಲ್ಲಿ ಇದ್ದರು, ಆ ದಿನ ಮನೆಯಲ್ಲಿ ಅವರ ಫೋಟೋಗೆ ಹೂವು ಹಾಕುತ್ತೇವೆ. ಆದರೆ ಅದೂ ಇದೂ ಒಂದೇ ಅಲ್ಲ. ಒಂದು ಕೋಟಿ ನಿರಾಶ್ರಿತರು ಆಗಲೇ ನಮ್ಮ ನೆಲಕ್ಕೆ ಬಂದುಬಿಟ್ಟಿದ್ದರು. 1970ರ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ ಜನ ಮುಜೀಬರ ಪಕ್ಷವನ್ನು ಗೆಲ್ಲಿಸಿದ್ದರು, 162 ಸ್ಥಾನದಲ್ಲಿ 160. ಮಾರನೇ ದಿನ ಆಳುವವರು ಯಾರು ಅಂತ ಅಲ್ಲಿನ ಜನವೇ ಮೊದಲು ತೀರ್ಮಾನ ಮಾಡಿದ್ದರು, ಹೋರಾಟಕ್ಕೂ ಅವರೇ ಮುಂದೆ ಇಳಿದಿದ್ದರು. ನಮ್ಮ ಸೇನೆ 1972ರ ಮಾರ್ಚ್‌ಗೆ ವಾಪಸ್ ಬಂತು. ಅಷ್ಟೆಲ್ಲ ಒಟ್ಟಿಗೆ ಕೂಡಿಬರುವುದು ಬಹಳ ಅಪರೂಪ. ಅದನ್ನು ತೋರಿಸಿ ಎಲ್ಲ ಕಡೆಗೂ ನುಗ್ಗಬಹುದು ಅನ್ನುವುದು ತಪ್ಪು.

ಇದು ದೂರದ ದೇಶಗಳ ಮಾತು ಮಾತ್ರ ಅಲ್ಲ ಸ್ವಾಮಿ. 2014ರ ಜೂನ್‌ನಲ್ಲಿ ಮೊಸುಲ್‌ನಲ್ಲಿ ನಮ್ಮ 39 ಕೂಲಿ ಕಾರ್ಮಿಕರು ಐಸಿಸ್ ಕೈಗೆ ಸಿಕ್ಕಿದರು. ಪಂಜಾಬ್, ಹಿಮಾಚಲ, ಬಿಹಾರ, ಬಂಗಾಳದ ಹುಡುಗರು, ಕಟ್ಟಡದ ಕೆಲಸಕ್ಕೆ ಹೋದವರು. ಅವರು ಸತ್ತಿದ್ದಾರೆ ಅಂತ ಸಂಸತ್ತಿನಲ್ಲಿ ಹೇಳಿದ್ದು 2018ರ ಮಾರ್ಚ್‌ನಲ್ಲಿ. ಮೂರು ವರ್ಷ ಒಂಬತ್ತು ತಿಂಗಳು ಅವರ ತಾಯಂದಿರು ಫೋನ್ ನೋಡಿಕೊಂಡು ಕೂತಿದ್ದರು. ನಾನು ಒಂದೇ ರಾತ್ರಿ ಕೂತಿದ್ದೆ. ಅದೇ ವರ್ಷ ತಿಕ್ರಿತ್‌ನಲ್ಲಿ ಸಿಕ್ಕಿಕೊಂಡ ನಮ್ಮ 46 ನರ್ಸ್‌ಗಳು, ಬಹುಪಾಲು ಕೇರಳದವರು, ಜೀವಂತ ಬಂದರು, ದೇವರು ದೊಡ್ಡವನು.

ಕೊಲ್ಲಿ ದೇಶಗಳಲ್ಲಿ ಸುಮಾರು 90 ಲಕ್ಷ ಭಾರತೀಯರಿದ್ದಾರೆ. ಜಗತ್ತಿನ ಎಣ್ಣೆಯಲ್ಲಿ ಐದರಲ್ಲಿ ಒಂದು ಪಾಲು ಇರಾನ್ ಪಕ್ಕದ ಹೋರ್ಮುಜ್ ಜಲಸಂಧಿ ದಾಟಿ ಬರುತ್ತದೆ. ನಮ್ಮ ಅಡುಗೆ ಗ್ಯಾಸಿನ ದೊಡ್ಡ ಪಾಲು ಆ ಕಡೆಯದೇ, ಯೂರಿಯಾ ಮಾಡುವ ಕಾರ್ಖಾನೆಗಳಿಗೆ ಬೇಕಾದ ಗ್ಯಾಸಿನಲ್ಲೂ ಬಹಳಷ್ಟು ಕತಾರ್‌ನಿಂದ ಬರುತ್ತದೆ. ಈ ವರ್ಷ ಮುಂಗಾರಿನಲ್ಲಿ ರಾಜ್ಯದ ಎಷ್ಟೋ ಕಡೆ ಯೂರಿಯಾ ಸಿಗದೆ ರೈತರು ಒದ್ದಾಡಿದರು. ಭತ್ತದ ಪೈರು ಹಳದಿಗೆ ತಿರುಗುತ್ತಿದೆ, ನಾನು ಬೆಳಗ್ಗೆ ಆರಕ್ಕೆ ಹೋಗಿ ಸಾಲಿನಲ್ಲಿ ನಿಂತು, ಹನ್ನೊಂದೂವರೆಗೆ ಎರಡು ಮೂಟೆ ಸಿಕ್ಕಿತು. ನನ್ನ ಹಿಂದೆ ಇದ್ದ ಅಜ್ಜನಿಗೆ ಸಿಗಲಿಲ್ಲ. ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದುಕೊಂಡಿದ್ದ, ಹಾಗೇ ಹಿಡಿದುಕೊಂಡು ವಾಪಸ್ ಹೋದ. ಹೋರ್ಮುಜ್ ತೆರೆದಿದ್ದಾಗಲೇ ಈ ಪಾಡು. ಅದು ಒಂದು ತಿಂಗಳು ಮುಚ್ಚಿದರೆ ನಮ್ಮ ನಾಲಾ ಬಯಲಿನ ಗದ್ದೆಗಳು ಏನಾಗಬೇಕು?

2024ರಲ್ಲಿ ಇಡೀ ಜಗತ್ತು ಸೇನೆಗೆ ಖರ್ಚು ಮಾಡಿದ್ದು 2.7 ಲಕ್ಷ ಕೋಟಿ ಡಾಲರ್ ಅಂತ ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆ ಲೆಕ್ಕ ಕೊಟ್ಟಿದೆ. ಅದರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಅಮೆರಿಕದ್ದೇ. ನಾವು ಐದನೇ ಸ್ಥಾನದಲ್ಲಿದ್ದೇವೆ. ನಮ್ಮ ಗಡಿ ಕಾಯೋಕೆ ಸೇನೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಇನ್ನೊಬ್ಬರ ಗದ್ದುಗೆಯಲ್ಲಿ ಯಾರು ಕೂರಬೇಕು ಅಂತ ತೀರ್ಮಾನ ಮಾಡೋಕೆ ಸೇನೆ ಹೊರಟಾಗ ನಾವು ಎಲ್ಲಿ ನಿಲ್ಲುತ್ತೇವೆ ಅನ್ನುವುದೇ ನಾನು ಕೇಳುವ ಪ್ರಶ್ನೆ.

ನಿಲ್ಲುವುದು ಹೇಗೆ ಅಂತ ನಮ್ಮ ದೇಶಕ್ಕೆ ಗೊತ್ತು. 2003ರ ಏಪ್ರಿಲ್‌ನಲ್ಲಿ ನಮ್ಮ ಲೋಕಸಭೆ ಇರಾಕ್ ಯುದ್ಧದ ವಿರುದ್ಧ ಪಕ್ಷಭೇದ ಇಲ್ಲದೆ ನಿರ್ಣಯ ಮಾಡಿತು, ಹಿಂದಿಯಲ್ಲಿ 'ನಿಂದಾ' ಅನ್ನುವ ಪದವನ್ನೇ ಬಳಸಿತು. ಅದಾದ ಮೇಲೆ ಅಮೆರಿಕ ಇರಾಕಿಗೆ ನಮ್ಮ ಸೈನಿಕರನ್ನು ಕಳಿಸಿ ಅಂತ ಕೇಳಿತು, ಹತ್ತು ಹದಿನೈದು ಸಾವಿರಕ್ಕೂ ಜಾಸ್ತಿ ಜನ ಬೇಕಿತ್ತು ಅವರಿಗೆ. ಜುಲೈ 14ಕ್ಕೆ ವಾಜಪೇಯಿ ಅವರ ಸರ್ಕಾರ, ವಿಶ್ವಸಂಸ್ಥೆಯ ಒಪ್ಪಿಗೆ ಇಲ್ಲದೆ ಕಳಿಸುವುದಿಲ್ಲ ಅಂತ ಹೇಳಿತು. ಆವತ್ತು ಹೂಂ ಅಂದಿದ್ದರೆ ಎಷ್ಟು ಶವಪೆಟ್ಟಿಗೆ ಮಂಡ್ಯಕ್ಕೆ, ಹಾಸನಕ್ಕೆ, ಕೊಡಗಿಗೆ ಬರುತ್ತಿದ್ದವೋ! ಅಮೆರಿಕದ ಜೊತೆ ಸ್ನೇಹ ಅದರಿಂದ ಕೆಡಲೂ ಇಲ್ಲ. ಎರಡೇ ವರ್ಷಕ್ಕೆ ಅಣು ಒಪ್ಪಂದದ ಮಾತುಕತೆ ಶುರುವಾಯಿತು.

ಇದಕ್ಕೆ ಉಲ್ಟಾ ಆಗಿದ್ದೂ ಉಂಟು. 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಸೇನಾ ವಿಮಾನಗಳು ನಮ್ಮ ನಿಲ್ದಾಣಗಳಲ್ಲಿ ಇಂಧನ ತುಂಬಿಸಿಕೊಳ್ಳೋಕೆ ಸರ್ಕಾರ ಬಿಟ್ಟಿತ್ತು. ಜನ ಗಲಾಟೆ ಮಾಡಿದ ಮೇಲೆ ನಿಂತಿತು.

ಹಾಗಾಗಿ ನನ್ನ ಮೊದಲ ಕೋರಿಕೆ ಇದು. 2016ರಲ್ಲಿ ಅಮೆರಿಕದ ಜೊತೆ ಒಂದು ಲಾಜಿಸ್ಟಿಕ್ಸ್ ಒಪ್ಪಂದಕ್ಕೆ ಸಹಿ ಹಾಕಿದ್ದೀರಿ, ಒಬ್ಬರ ಹಡಗು ವಿಮಾನಕ್ಕೆ ಇನ್ನೊಬ್ಬರು ಇಂಧನ, ಸಾಮಾನು ಕೊಡುವ ಒಪ್ಪಂದ. ಪ್ರತಿ ಸಲವೂ ಕೇಳಿದಾಗ ನೋಡಿ ತೀರ್ಮಾನ ಮಾಡುತ್ತೇವೆ, ಕೊಡಲೇಬೇಕು ಅಂತಿಲ್ಲ ಅಂತ ಆಗ ಸರ್ಕಾರ ಹೇಳಿತ್ತು. ಒಂದು ದೇಶದ ಸರ್ಕಾರ ಉರುಳಿಸೋಕೆ ಹೋಗುವ ಯಾವ ಹಡಗಿಗೂ ವಿಮಾನಕ್ಕೂ ನಮ್ಮ ಬಂದರು, ನಮ್ಮ ನಿಲ್ದಾಣ ಕೊಡುವುದಿಲ್ಲ ಅಂತ ಸಂಸತ್ತಿನಲ್ಲಿ ಎದ್ದು ನಿಂತು ಹೇಳಿ. ಅಮೆರಿಕ ಮಾತ್ರ ಅಲ್ಲ, ರಷ್ಯಾ ಆಗಲಿ, ಯಾರೇ ಆಗಲಿ. 2022ರ ಫೆಬ್ರವರಿಯಲ್ಲಿ ರಷ್ಯಾದ ಸೇನೆಯೂ ಉಕ್ರೇನ್ ಗಡಿಯಲ್ಲಿ ತಿಂಗಳುಗಟ್ಟಲೆ ಜಮಾಯಿಸಿಯೇ ಒಳಗೆ ನುಗ್ಗಿದ್ದು. ನಮ್ಮ ಹಾವೇರಿಯ ಒಬ್ಬ ವೈದ್ಯ ವಿದ್ಯಾರ್ಥಿ ಖಾರ್ಕಿವ್‌ನಲ್ಲಿ ತೀರಿಕೊಂಡ.

ಎರಡನೆಯದು, ಹಡಗು ಸೇರುತ್ತಿರುವಾಗಲೇ ಮಾತಾಡಿ. ಬಾಂಬ್ ಬಿದ್ದ ಮೇಲೆ 'ಕಳವಳ' ಅಂತ ಹೇಳಿಕೆ ಕೊಟ್ಟರೆ ಯಾರಿಗೂ ಉಪಯೋಗವಿಲ್ಲ. 2003ರಲ್ಲೂ ನಿರ್ಣಯ ಬಂದಿದ್ದು ಯುದ್ಧ ಶುರುವಾದ ಮೇಲೆ. ಈ ಸಲ ಮುಂಚೆ ಬರಲಿ. ಮಂಡ್ಯ, ಮೈಸೂರಿನ ನಮ್ಮ ಸದಸ್ಯರು ಈ ಪ್ರಶ್ನೆ ಎತ್ತಲಿ. ಮಾರನೇ ದಿನದ ಕತೆ ಗೊತ್ತಿರುವ ಊರಿನಿಂದ ಹೋದವರು ಅವರು.

ಮೂರನೆಯದು ನಮ್ಮ ಹುಡುಗರ ವಿಷಯ. ಯುದ್ಧ ಬಂದಾಗ ವಿಮಾನ ಕಳಿಸುತ್ತೀರಿ, ನಿಜ. ಆದರೆ ಕಂಪನಿಯವರು ಪಾಸ್‌ಪೋರ್ಟ್ ತಮ್ಮ ಹತ್ತಿರವೇ ಇಟ್ಟುಕೊಂಡಿರುವ ಕೂಲಿಯವನು ವಿಮಾನದವರೆಗೆ ಬರುವುದು ಹೇಗೆ? ಸುದ್ದಿ ಹಿಂದಿ, ಇಂಗ್ಲಿಷಿನಲ್ಲಿ ಬಂದರೆ ಇಲ್ಲಿ ನನ್ನ ತಂಗಿಯಂಥವರಿಗೆ ತಿಳಿಯುವುದು ಹೇಗೆ? ಕನ್ನಡದಲ್ಲಿ ಮಾತಾಡುವ ಒಂದು ಸಹಾಯವಾಣಿ ಇಡಿ, ಶಾಂತಿ ಇರುವಾಗಲೇ ಇಡಿ. ಆ ರಾತ್ರಿ ನಾನು ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಹುಡುಕುತ್ತಾ ಎರಡು ಗಂಟೆ ಕಳೆದೆ.

ತಂಗಿ ಮಗ ಸಂಕ್ರಾಂತಿಗೆ ರಜೆ ಹಾಕಿದ್ದಾನೆ, ಹತ್ತು ದಿನ ಇರುತ್ತಾನೆ. ಅಷ್ಟರೊಳಗೆ ಉತ್ತರ ಬಂದರೆ ಅವನಿಗೂ ಅವನ ಅಮ್ಮನಿಗೂ ಓದಿ ಹೇಳುತ್ತೇನೆ. ಆ ಹನ್ನೊಂದು ಸೆಕೆಂಡಿನ ಮೆಸೇಜ್ ಇನ್ನೂ ನನ್ನ ಫೋನಿನಲ್ಲೇ ಇದೆ, ಅವಳಿಗೆ ಕೇಳಿಸಿಲ್ಲ.

ಇಂತಿ,
ಶ್ರೀರಂಗಪಟ್ಟಣದ ಒಬ್ಬ ನಿವೃತ್ತ ಶಿಕ್ಷಕಿ